ಯೋಗ ಮತ್ತು ದಾಂಪತ್ಯದ ಸಾಮೀಪ್ಯ: ಎಷ್ಟು ನಿಜ, ಎಷ್ಟು ಜಾಹೀರಾತು?

ಬೆನ್ನುನೋವಿಗೆ ಯೋಗ, ಬಿ.ಪಿ.ಗೆ ಯೋಗ, ನಿದ್ದೆ ಬಾರದವರಿಗೆ ಯೋಗ ಅಂತ ನಾವೆಲ್ಲ ಚಹಾ ಕುಡಿಯುತ್ತಾ ಆರಾಮಾಗಿ ಮಾತಾಡುತ್ತೇವೆ. ಗಂಡ ಹೆಂಡತಿಯ ನಡುವಿನ ಸಾಮೀಪ್ಯಕ್ಕೂ ಯೋಗಕ್ಕೂ ಏನಾದರೂ ಸಂಬಂಧ ಇದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಮೊಬೈಲಿನಲ್ಲಿ ಹುಡುಕುತ್ತಾರೆ. ಸಿಗುವುದು ಏನು? "ಈ ಮೂರು ಆಸನ ಮಾಡಿ, ಏಳೇ ದಿನದಲ್ಲಿ ಶಕ್ತಿ ಪಡೆಯಿರಿ" ಎಂಬ ಬಣ್ಣದ ವಿಡಿಯೋಗಳು. ಅದನ್ನು ದಾಟಿದರೆ ಅರ್ಧಕ್ಕರ್ಧ ಅರ್ಥವಾಗದ ಇಂಗ್ಲಿಷಿನ ವೈದ್ಯಕೀಯ ಬರಹಗಳು. ನಡುವೆ, ನಮ್ಮ ಮಾತಿನಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಕಡಿಮೆ. ಈ ಲೇಖನ ಆ ನಡುವಿನ ಜಾಗಕ್ಕೆ.

ನಾನು ವೈದ್ಯೆಯಲ್ಲ, ಯೋಗ ಕಲಿಸುವವಳೂ ಅಲ್ಲ. ಶಾಲೆಯಲ್ಲಿ ಪಾಠ ಹೇಳುವವಳು. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದ ದಿನ ಇಡೀ ತರಗತಿಯ ತಲೆ ಪುಸ್ತಕದೊಳಗೆ ಇಳಿದುಬಿಡುತ್ತದೆ. ಆ ಮಕ್ಕಳೇ ಮುಂದೆ ಮದುವೆಯಾಗಿ ಮುಂಬೈ, ಪುಣೆ, ಹೈದರಾಬಾದಿನ ಒಂದೂವರೆ ಕೋಣೆಯ ಮನೆಗಳಲ್ಲಿ ಸಂಸಾರ ಹೂಡುತ್ತಾರೆ. ಬಗ್ಗಿಸಿದ ತಲೆ ಮಾತ್ರ ಆಗಲೂ ಮೇಲೆದ್ದಿರುವುದಿಲ್ಲ. ಮನೆಯಲ್ಲಿ ಉರ್ದು ಆಡುವ ನಮಗೆ 'ಶರಮ್' ಎಂಬ ಒಂದು ಮಾತು ಸಾಕು, ಪ್ರಶ್ನೆ ಗಂಟಲಲ್ಲೇ ನಿಲ್ಲುತ್ತದೆ. ಕನ್ನಡ ಆಡುವ ನೆರೆಮನೆಯವರಿಗೆ 'ನಾಚಿಕೆ', 'ಮರ್ಯಾದೆ'. ಪದ ಬೇರೆ, ಬಾಗಿಲು ಮುಚ್ಚುವ ರೀತಿ ಒಂದೇ.

ನಾಚಿಕೆ ಒಳ್ಳೆಯ ಗುಣವೇ. ಆದರೆ ನಾಚಿಕೆಯ ಹೆಸರಿನಲ್ಲಿ ತಿಳಿವಳಿಕೆಯೇ ಇಲ್ಲದೆ ಹೋದರೆ ಅದರ ಲಾಭ ರೈಲ್ವೆ ಹಳಿಯ ಪಕ್ಕದ ಗೋಡೆಯ ಮೇಲೆ 'ಗುಪ್ತರೋಗಕ್ಕೆ ಶರ್ತಿಯಾ ಇಲಾಜ್' ಎಂದು ಬರೆಸುವವರಿಗೆ ಹೋಗುತ್ತದೆ. ವೀರ್ಯ ನಷ್ಟವಾಗಿ ದೇಹ ಸವೆದುಹೋಗುತ್ತಿದೆ ಎಂಬ ಹೆದರಿಕೆಯಿಂದಲೇ ನಿತ್ರಾಣಗೊಂಡು ವೈದ್ಯರ ಬಳಿಗೆ ಬರುವ ಯುವಕರು ನಮ್ಮ ದೇಶದಲ್ಲಿ ಎಷ್ಟಿದ್ದರೆಂದರೆ, ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲಿ ಅದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಡಬೇಕಾಯಿತು. ಅಲ್ಲಿ ರೋಗಕ್ಕಿಂತ ಭಯವೇ ದೊಡ್ಡದು.

ನನಗೆ ತಿಳಿದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯೋಗ 'ಶಕ್ತಿ'ಯ ಔಷಧವಲ್ಲ. ಆದರೆ ಸಾಮೀಪ್ಯಕ್ಕೆ ಅಡ್ಡ ಬರುವ ಮೂರು ಸಂಗತಿಗಳನ್ನು ಅದು ಸ್ವಲ್ಪ ಸಡಿಲಿಸಬಲ್ಲದು: ದಣಿದು ಬೆದರಿದ ನರಮಂಡಲ, ಅಂಕೆ ತಪ್ಪಿದ ಸ್ನಾಯು, ಒಂದೆಡೆ ನಿಲ್ಲದ ಮನಸ್ಸು. ನಾಲ್ಕನೆಯ ಅಡ್ಡಿಯೊಂದಿದೆ, ಅದು ಯೋಗದ ಕೈಗೆ ಎಟುಕುವಂಥದ್ದಲ್ಲ. ಅದರ ಮಾತು ಕೊನೆಗೆ.

ಓಡುವ ದೇಹ, ವಿರಮಿಸುವ ದೇಹ

ನಮ್ಮ ದೇಹದಲ್ಲಿ ನಮ್ಮ ಅಪ್ಪಣೆ ಕೇಳದೆ ಕೆಲಸ ಮಾಡುವ ನರವ್ಯವಸ್ಥೆಯೊಂದಿದೆ. ಅದಕ್ಕೆ ಎರಡು ಕೈ. ಒಂದು 'ಓಡು ಇಲ್ಲವೇ ಹೊಡೆದಾಡು' ಎನ್ನುತ್ತದೆ. ಹೃದಯದ ಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ರಕ್ತ ಕೈಕಾಲಿನ ಸ್ನಾಯುಗಳ ಕಡೆ ನುಗ್ಗುತ್ತದೆ. ಇನ್ನೊಂದು 'ಕೂತ್ಕೋ, ಉಣ್ಣು, ವಿರಮಿಸು' ಎನ್ನುತ್ತದೆ. ಬಡಿತ ಇಳಿಯುತ್ತದೆ, ಜೀರ್ಣಕ್ರಿಯೆ ನಡೆಯುತ್ತದೆ, ರಕ್ತನಾಳಗಳು ಸಡಿಲಗೊಳ್ಳುತ್ತವೆ.

ಗಂಡಸಿನಲ್ಲಿ ನಿಮಿರುವಿಕೆಯಾಗಲಿ, ಹೆಂಗಸಿನಲ್ಲಿ ಆ ಭಾಗಕ್ಕೆ ರಕ್ತ ಹರಿದು ತೇವ ಉಂಟಾಗುವುದಾಗಲಿ ಶುರುವಾಗುವುದು ಬಹುಮಟ್ಟಿಗೆ ಈ ಎರಡನೆಯ ಕೈಯಿಂದ. ವೀರ್ಯಸ್ಖಲನದ ಹೊತ್ತಿಗೆ ಮೊದಲನೆಯ ಕೈ ಬರುತ್ತದೆ. ಆರಂಭಕ್ಕೆ ನಿರಾಳತೆ ಬೇಕು. ನಿರಾಳತೆ ಇಲ್ಲದೆ ಹೋದರೆ ಆರಂಭವೇ ಆಗದಿರಬಹುದು, ಅಥವಾ ಎಲ್ಲವೂ ಬೇಗನೇ ಮುಗಿದುಹೋಗಬಹುದು.

ಈಗ ನಮ್ಮ ಒಂದು ದಿನವನ್ನು ನೋಡಿ. ಬೆಳಿಗ್ಗೆ ಆರಕ್ಕೆ ನೀರು ಹಿಡಿಯುವ ಗಡಿಬಿಡಿ. ಎಂಟರ ಲೋಕಲ್‌ನಲ್ಲಿ ಬಾಗಿಲಿಗೆ ಜೋತುಬಿದ್ದ ಪ್ರಯಾಣ. ಸಂಜೆ ಮತ್ತೆ ಅದೇ. ಮನೆಗೆ ಬಂದರೆ ಮಕ್ಕಳ ಹೋಂವರ್ಕ್, ಊರಿನಿಂದ ಬಂದ ಫೋನು, ತಿಂಗಳ ಕಂತು. ಹೆಂಡತಿಗೂ ಕೆಲಸವಿದ್ದರೆ ಅವಳಿಗೆ ಈ ಪ್ರಯಾಣದ ಮೇಲೆ ಅಡುಗೆಮನೆಯೂ ಸೇರುತ್ತದೆ. ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿದರೂ ದೇಹದ 'ಓಡು' ಎಂಬ ಸ್ವಿಚ್ ಆರಿರುವುದಿಲ್ಲ. ಹೀಗಿರುವಾಗ "ಇವಳಿಗೆ ಆಸೆಯೇ ಇಲ್ಲ", "ಇವರಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲ" ಅಂತ ಒಬ್ಬರ ಮೇಲೊಬ್ಬರು ತೀರ್ಪು ಬರೆದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಪ್ರೀತಿಯ ಕೊರತೆಯಲ್ಲ, ದೇಹ ಇನ್ನೂ ರೈಲಿನಿಂದ ಇಳಿದಿಲ್ಲ ಅಷ್ಟೇ.

ಉಸಿರು ಇಲ್ಲಿ ನೆರವಿಗೆ ಬರುತ್ತದೆ. ನಮ್ಮ ಅಪ್ಪಣೆ ಕೇಳದ ಆ ವ್ಯವಸ್ಥೆಯಲ್ಲಿ ನಮ್ಮ ಮಾತನ್ನೂ ಸ್ವಲ್ಪ ಕೇಳುವುದು ಉಸಿರೊಂದೇ ಎನ್ನಬಹುದು. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ತುಸು ಏರುತ್ತದೆ, ಹೊರಗೆ ಬಿಟ್ಟಾಗ ಇಳಿಯುತ್ತದೆ. ಬಿಡುವ ಉಸಿರನ್ನು ಉದ್ದ ಮಾಡಿದರೆ ವಿರಾಮದ ಕೈ ಬಲಗೊಳ್ಳುತ್ತದೆ. ಪ್ರಾಣಾಯಾಮ ಎಂದು ಕರೆಯುವ ಅಭ್ಯಾಸದ ಸರಳವಾದ ಭಾಗ ಇದು. ಹತ್ತು ನಿಮಿಷ ಕೂತು ಮಾಡಿದವರಿಗೆ ಇದರ ಗುಣ ಆ ದಿನವೇ ತಿಳಿಯುತ್ತದೆ.

ಸೊಂಟದ ತಳದ ಜೋಲಿ

ಎರಡನೆಯದು ಸ್ನಾಯುವಿನ ವಿಷಯ. ಸೊಂಟದ ಮೂಳೆಗಳ ಬಟ್ಟಲಿಗೆ ತಳವಾಗಿ, ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡ ಸ್ನಾಯುಗಳಿವೆ. ಇಂಗ್ಲಿಷಿನಲ್ಲಿ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಎಲ್ಲವನ್ನೂ ಕೆಳಗಿನಿಂದ ಹಿಡಿದಿರುವುದು ಇವೇ. ಮಿಲನದ ಸುಖದ ಹೊತ್ತಿನಲ್ಲಿ ತಾವಾಗಿ ಬಿಗಿದು ಸಡಿಲಗೊಳ್ಳುವುದೂ ಇವೇ. ಗಂಡಸರಲ್ಲಿ ನಿಮಿರುವಿಕೆ ನಿಲ್ಲುವುದಕ್ಕೂ ಇವುಗಳಲ್ಲಿ ಕೆಲವು ನೆರವಾಗುತ್ತವೆ.

ಹೆರಿಗೆಯಾದ ಮೇಲೆ, ವಯಸ್ಸಾದಂತೆ, ತೂಕ ಏರಿದಂತೆ, ವರ್ಷಗಟ್ಟಲೆ ಮಲಬದ್ಧತೆ ಇದ್ದರೆ ಈ ಜೋಲಿ ಸಡಿಲವಾಗುತ್ತದೆ. ಕೆಮ್ಮಿದರೆ, ಸೀನಿದರೆ ಎರಡು ಹನಿ ಮೂತ್ರ ಜಾರುವುದನ್ನು ಎಷ್ಟೋ ಹೆಂಗಸರು "ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ" ಅಂತ ಸುಮ್ಮನಿರುತ್ತಾರೆ. ಆ ಮುಜುಗರದಿಂದಲೇ ಗಂಡನಿಂದ ದೂರ ಸರಿಯುವವರೂ ಇದ್ದಾರೆ. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಈ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮದ ಬಗ್ಗೆ ಬರೆದರು. ಇಂದು ಪ್ರಪಂಚದಾದ್ಯಂತ ಅದು ಕೆಗೆಲ್ ವ್ಯಾಯಾಮ ಎಂದೇ ಹೆಸರಾಗಿದೆ. ಹಠಯೋಗದ ಮೂಲಬಂಧ ಮತ್ತು ಅಶ್ವಿನಿ ಮುದ್ರೆಗಳಲ್ಲಿ ಕೆಲಸ ಮಾಡುವುದೂ ಹೆಚ್ಚುಕಡಿಮೆ ಇದೇ ಸ್ನಾಯುಗಳ ಗುಂಪು.

ಆದರೆ ವಿಡಿಯೋಗಳು ಹೇಳದ ಮಾತೊಂದಿದೆ. ಎಲ್ಲರ ಜೋಲಿಯೂ ಸಡಿಲವಾಗಿರುವುದಿಲ್ಲ, ಕೆಲವರದು ಅತಿಯಾಗಿ ಬಿಗಿದಿರುತ್ತದೆ. ಮದುವೆಯಾದ ಹೊಸತರಲ್ಲಿ ಭಯದಿಂದ, ಹಿಂದಿನ ನೋವಿನ ನೆನಪಿನಿಂದ, ಅಥವಾ ಯಾವ ಕಾರಣವೂ ತಿಳಿಯದೆ ಹೆಣ್ಣಿನ ಈ ಸ್ನಾಯುಗಳು ತಾವಾಗಿ ಬಿಗಿದು ಮಿಲನವೇ ಅಸಾಧ್ಯವಾಗುವ ಸ್ಥಿತಿ ಇದೆ. ವೈದ್ಯರು ಅದನ್ನು ವೆಜೈನಿಸ್ಮಸ್ ಎನ್ನುತ್ತಾರೆ. ಅಂಥ ಹೆಣ್ಣಿಗೆ "ಇನ್ನಷ್ಟು ಬಿಗಿಹಿಡಿ" ಎಂಬ ವ್ಯಾಯಾಮ ಹೇಳಿಕೊಟ್ಟರೆ ನೋವು ಹೆಚ್ಚೀತು. ಅವಳಿಗೆ ಬೇಕಾದದ್ದು ಸಡಿಲಿಸುವುದನ್ನು ಕಲಿಯುವುದು: ಹೊಟ್ಟೆ ಉಬ್ಬಿಸಿ ನಿಧಾನ ಉಸಿರು, ಬದ್ಧಕೋನಾಸನ, ಬಾಲಾಸನದಂಥ ಮೃದು ಭಂಗಿಗಳು, ಜೊತೆಗೆ ಸ್ತ್ರೀರೋಗ ತಜ್ಞೆ ಅಥವಾ ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟ್‌ರ ಸಲಹೆ. ಇದು ಹಟವಲ್ಲ, ನಾಟಕವಲ್ಲ, ಹುಡುಗಿಯ ನಡತೆಗೂ ಇದಕ್ಕೂ ಸಂಬಂಧವಿಲ್ಲ. ಚಿಕಿತ್ಸೆಗೆ ಬಗ್ಗುವ ತೊಂದರೆ. ತಿಳಿಯದ ಕಾರಣಕ್ಕೆ ಮಾತು ತಲಾಖಿನವರೆಗೂ ಹೋಗುವುದುಂಟು. ಅದಕ್ಕಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ತನ್ನನ್ನೇ ಪರೀಕ್ಷಿಸುವ ಮನಸ್ಸು

ಮೂರನೆಯದು ಮನಸ್ಸು. ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸಂಗತಿಯನ್ನು ಗುರುತಿಸಿದರು. ಮಿಲನದ ಹೊತ್ತಿನಲ್ಲಿ ಕೆಲವರು ತಾವೇ ಪ್ರೇಕ್ಷಕರಾಗಿ ತಮ್ಮನ್ನು ನೋಡಿಕೊಳ್ಳುತ್ತಾರೆ. "ನನ್ನಿಂದ ಆಗ್ತಿದೆಯಾ? ಹೋದ ಸಲದ ಹಾಗೆ ಆದರೆ? ನನ್ನ ಹೊಟ್ಟೆ ಕಾಣ್ತಿದೆಯಾ? ಪಕ್ಕದ ಕೋಣೆಯಲ್ಲಿ ಅತ್ತೆ ಎದ್ದಿದ್ದಾರಾ?" ಪರೀಕ್ಷೆಯ ಹಾಲ್‌ನಲ್ಲಿ ಮೇಲ್ವಿಚಾರಕರು ತಲೆಯ ಮೇಲೇ ನಿಂತರೆ ಓದಿದ್ದೂ ಮರೆತುಹೋಗುತ್ತದಲ್ಲ, ಹಾಗೆ. ಇಲ್ಲಿ ಮೇಲ್ವಿಚಾರಕ ನಮ್ಮ ತಲೆಯೊಳಗೇ ಕೂತಿರುತ್ತಾನೆ.

ಅವರು ಕಂಡುಕೊಂಡ ದಾರಿ ಸರಳ. ಕೆಲವು ದಿನ ಮಿಲನದ ಗುರಿಯನ್ನೇ ಬದಿಗಿಡಿ, ಕೇವಲ ಸ್ಪರ್ಶವನ್ನು ಗಮನಿಸಿ, ಗೆಲ್ಲುವುದು ಸೋಲುವುದು ಏನೂ ಇಲ್ಲ. ಮುಂದೆ ಕೆನಡಾದ ಮನಶ್ಶಾಸ್ತ್ರಜ್ಞೆ ಲೋರಿ ಬ್ರೊಟ್ಟೊ ಆಸೆ ಕುಗ್ಗಿದ ಮಹಿಳೆಯರಿಗೆ ಈ ಕ್ಷಣದ ಅನುಭವದ ಮೇಲೆ ಗಮನ ಇಡುವ ತರಬೇತಿ ಕೊಟ್ಟು ಅಧ್ಯಯನಗಳನ್ನು ನಡೆಸಿದರು. ಹಲವರಿಗೆ ಅದರಿಂದ ಪ್ರಯೋಜನವಾಯಿತು.

ಯೋಗದ ತರಗತಿಯಲ್ಲಿ ಕಲಿಯುವುದೂ ಇದನ್ನೇ ಅಲ್ಲವೇ? ಕಾಲು ಚಾಚಿ ಬಾಗಿದಾಗ ತೊಡೆಯ ಹಿಂಬದಿಯಲ್ಲಿ ಎಳೆತ ಎಲ್ಲಿದೆ, ಉಸಿರು ಎಲ್ಲಿ ಕಟ್ಟುತ್ತಿದೆ, ದವಡೆ ಯಾಕೆ ಬಿಗಿದಿದೆ ಅಂತ ಗಮನಿಸುವುದು. ಪಕ್ಕದವರು ಎಷ್ಟು ಬಾಗಿದರು ಎಂದು ನೋಡದಿರುವುದು. ದಿನಾ ಈ ಅಭ್ಯಾಸ ಮಾಡುವವರಿಗೆ ತಮ್ಮ ದೇಹ ಶತ್ರುವಿನಂತೆ ಕಾಣುವುದು ಕಡಿಮೆಯಾಗುತ್ತದೆ. ಎರಡು ಮಕ್ಕಳಾದ ಮೇಲೆ ಕನ್ನಡಿ ನೋಡಲೂ ಮನಸ್ಸಾಗದ ತಾಯಿಗೆ, ಐವತ್ತಕ್ಕೆ ಸಕ್ಕರೆ ಕಾಯಿಲೆ ಬಂದು ಗಂಡಸುತನವೇ ಹೋಯಿತೆಂದು ಕುಗ್ಗಿದ ಗಂಡನಿಗೆ ಇದು ಸಣ್ಣ ಲಾಭವಲ್ಲ.

ಸಂಶೋಧನೆ ಏನನ್ನುತ್ತದೆ?

ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖವಾಗುವ ಅಧ್ಯಯನಗಳಲ್ಲಿ ಕೆಲವು ನಮ್ಮ ದೇಶದವೇ. ದೆಹಲಿಯ ವೈದ್ಯ ವಿಕಾಸ್ ಧಿಕವ್ ಮತ್ತು ಸಂಗಡಿಗರು 2010ರಲ್ಲಿ ಎರಡನ್ನು ಪ್ರಕಟಿಸಿದರು. ಒಂದರಲ್ಲಿ 22ರಿಂದ 55 ವರ್ಷದ 40 ಮಹಿಳೆಯರು ಯೋಗ ಶಿಬಿರದಲ್ಲಿ 12 ವಾರ ಅಭ್ಯಾಸ ಮಾಡಿದರು. ಮೊದಲು ಮತ್ತು ನಂತರ ಆಸೆ, ತೇವ, ತೃಪ್ತಿ, ನೋವು ಮುಂತಾದವನ್ನು ಅಳೆಯುವ ಪ್ರಶ್ನಾವಳಿ ತುಂಬಿಸಿಕೊಳ್ಳಲಾಯಿತು. ಅಂಕಗಳು ಏರಿದವು. 45 ದಾಟಿದ ಮಹಿಳೆಯರಲ್ಲಿ ಸುಧಾರಣೆ ಹೆಚ್ಚು. ಇನ್ನೊಂದರಲ್ಲಿ 65 ಗಂಡಸರು ಹಾಗೆಯೇ 12 ವಾರ ಯೋಗ ಮಾಡಿದರು, ಅಲ್ಲಿಯೂ ಸುಧಾರಣೆ ಕಂಡಿತು. ಅದಕ್ಕೂ ಮೊದಲು, 2007ರಲ್ಲಿ, ಶೀಘ್ರಸ್ಖಲನದ ತೊಂದರೆಯಿದ್ದ 68 ಮಂದಿಯ ಅಧ್ಯಯನ ಬಂದಿತ್ತು. 38 ಮಂದಿ ಯೋಗ ಮಾಡಿದರು, 30 ಮಂದಿ ಫ್ಲುಆಕ್ಸೆಟಿನ್ ಎಂಬ ಮಾತ್ರೆ ತೆಗೆದುಕೊಂಡರು. ಯೋಗದ ಗುಂಪಿನಲ್ಲಿ ಎಲ್ಲರಿಗೂ ಒಂದಿಷ್ಟು ಗುಣ ಕಂಡಿತು.

ಓದಿದರೆ ಖುಷಿಯಾಗುತ್ತದೆ. ಆದರೆ ಗಣಿತದ ಮೇಷ್ಟರು ಉತ್ತರ ಮಾತ್ರ ನೋಡಿ ಅಂಕ ಕೊಡುವುದಿಲ್ಲ, ಹಂತಗಳನ್ನೂ ನೋಡುತ್ತಾರೆ. 2010ರ ಎರಡೂ ಅಧ್ಯಯನಗಳಲ್ಲಿ ಯೋಗ ಮಾಡದ, ಹೋಲಿಸಿ ನೋಡಬಹುದಾದ ಗುಂಪು ಇರಲಿಲ್ಲ. ಶಿಬಿರಕ್ಕೆ ತಾವಾಗಿ ಬಂದವರಲ್ಲಿ ಉತ್ಸಾಹ ಮೊದಲೇ ಇರುತ್ತದೆ. 12 ವಾರ ಮನೆಯ ಗಡಿಬಿಡಿಯಿಂದ ದಿನಕ್ಕೊಂದು ಗಂಟೆ ಬಿಡುವು ಸಿಕ್ಕಿದ್ದೇ ಅರ್ಧ ಔಷಧವಾಗಿರಬಹುದು. ಭಾಗವಹಿಸಿದವರ ಸಂಖ್ಯೆಯೂ ಚಿಕ್ಕದು. ಆದ್ದರಿಂದ 'ಯೋಗದಿಂದ ಸಹಾಯವಾಗುವ ಸಾಧ್ಯತೆ ಇದೆ' ಎನ್ನುವಷ್ಟಕ್ಕೆ ಆಧಾರವಿದೆ, 'ಯೋಗದಿಂದ ಗುಣವಾಗುತ್ತದೆ' ಎನ್ನುವಷ್ಟಕ್ಕಿಲ್ಲ.

ಸ್ನಾಯುವಿನ ವ್ಯಾಯಾಮದ ಮಟ್ಟಿಗೆ ಆಧಾರ ಸ್ವಲ್ಪ ಗಟ್ಟಿ. ಇಂಗ್ಲೆಂಡಿನ ಗ್ರೇಸ್ ಡೋರಿ ಮತ್ತು ಸಂಗಡಿಗರು ನಿಮಿರುವಿಕೆಯ ತೊಂದರೆಯಿದ್ದ 55 ಗಂಡಸರಿಗೆ ಪೆಲ್ವಿಕ್ ಫ್ಲೋರ್ ವ್ಯಾಯಾಮ ಕಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ಕೊನೆಗೆ ಶೇ. 40 ಮಂದಿ ಸಹಜ ಸ್ಥಿತಿಗೆ ಬಂದಿದ್ದರು, ಶೇ. 35.5 ಮಂದಿಗೆ ಸ್ವಲ್ಪ ಗುಣವಾಗಿತ್ತು, ಉಳಿದವರಿಗೆ ಆಗಿರಲಿಲ್ಲ. ಕಾಲು ಭಾಗದಷ್ಟು ಜನರಿಗೆ ಪ್ರಯೋಜನವಾಗಲಿಲ್ಲ ಎಂಬುದನ್ನೂ ನೆನಪಿಡಿ.

ಇದು ಯೋಗದ ಮೂಲ ಗುರಿಯೇ?

ಅಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಹೇಳಿದ ಐದು ಯಮಗಳಲ್ಲಿ ಬ್ರಹ್ಮಚರ್ಯವೂ ಒಂದು. ಮೂಲಬಂಧವನ್ನು ವಿವರಿಸುವ ಹಠಯೋಗ ಪ್ರದೀಪಿಕೆ ಸಾಧಕರಿಗಾಗಿ ಬರೆದ ಗ್ರಂಥ. ಅಲ್ಲಿ ದಾಂಪತ್ಯ ಸುಖ ಗುರಿಯಾಗಿರಲಿಲ್ಲ. ಇಂದು ನಾವು ಅದರಿಂದ ದೇಹಕ್ಕೆ ಬೇಕಾದಷ್ಟನ್ನು ತೆಗೆದುಕೊಳ್ಳುತ್ತಿದ್ದೇವೆ. 'ಋಷಿಗಳು ಹೇಳಿದ ಕಾಮಶಕ್ತಿಯ ಗುಟ್ಟು' ಅಂತ ಯಾರಾದರೂ ಮಾರಲು ಬಂದರೆ ಅದು ಮಾರುವವರ ಮಾತು.

ನಮ್ಮ ಓದುಗರಲ್ಲಿ ಕೆಲವರಿಗೆ ಯೋಗ ಎಂದಕೂಡಲೇ ಮಂತ್ರ, ಸೂರ್ಯನಮಸ್ಕಾರಗಳ ಬಗ್ಗೆ ಹಿಂಜರಿಕೆ ಬರಬಹುದು. ಈ ಲೇಖನದಲ್ಲಿ ಹೇಳುವ ಯಾವುದಕ್ಕೂ ಮಂತ್ರ ಬೇಕಾಗಿಲ್ಲ. ಉದ್ದ ಉಸಿರು, ಚಾಚಿದ ಸ್ನಾಯು, ಗಮನ ಇಷ್ಟೇ ಸಾಕು. ಹೆಸರು ಇಷ್ಟವಾಗದಿದ್ದರೆ ವರ್ಜಿಶ್ ಎನ್ನಿ, ಕಸರತ್ತು ಎನ್ನಿ. ಸ್ನಾಯುವಿಗೆ ಹೆಸರು ತಿಳಿಯದು.

ಮನೆಯಲ್ಲಿ ಏನು ಮಾಡಬಹುದು?

ಮಂಚಕ್ಕೂ ಕಪಾಟಿಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ, ಸುಮಾರು ಅರ್ಧ ಗಂಟೆ, ಖಾಲಿ ಹೊಟ್ಟೆ ಅಥವಾ ಊಟವಾಗಿ ಮೂರು ಗಂಟೆ. ಇಷ್ಟಿದ್ದರೆ ಆಯಿತು.

ಮೊದಲು ಐದು ನಿಮಿಷ ಉಸಿರು. ನೆಟ್ಟಗೆ ಕೂತು ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಉಸಿರು ಕಟ್ಟಬೇಡಿ.

ಆಮೇಲೆ ಮಾರ್ಜರಿ ಆಸನ. ಕೈ ಮತ್ತು ಮೊಣಕಾಲು ಊರಿ ಬೆಕ್ಕಿನಂತೆ ಬೆನ್ನನ್ನು ಮೇಲೆ ಕೆಳಗೆ, ಎಂಟರಿಂದ ಹತ್ತು ಸಲ. ಇಡೀ ದಿನ ಕುರ್ಚಿಯಲ್ಲಿ ಕೂತ ಸೊಂಟಕ್ಕೆ ಇದು ಬೇಕು.

ಬದ್ಧಕೋನಾಸನ. ಎರಡೂ ಅಂಗಾಲು ಜೋಡಿಸಿ, ಮಂಡಿಗಳನ್ನು ಅಗಲಕ್ಕೆ ಬಿಟ್ಟು ಎರಡು ಮೂರು ನಿಮಿಷ. ಮಂಡಿ ನೆಲಕ್ಕೆ ತಾಗದಿದ್ದರೆ ಒತ್ತಬೇಡಿ, ಕೆಳಗೆ ದಿಂಬು ಇಡಿ. ಕೂರುವ ಜಾಗದಲ್ಲಿ ಮಡಿಸಿದ ಕಂಬಳಿ ಇಟ್ಟರೆ ಬೆನ್ನು ನೇರ ನಿಲ್ಲುತ್ತದೆ.

ಸೇತುಬಂಧಾಸನ. ಅಂಗಾತ ಮಲಗಿ, ಮಂಡಿ ಮಡಿಸಿ, ಪಾದ ಊರಿ, ಸೊಂಟವನ್ನು ನಿಧಾನ ಎತ್ತಿ ಇಳಿಸುವುದು, ಐದಾರು ಸಲ.

ಮೂಲಬಂಧ. ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಎಳೆದು ಐದು ಎಣಿಸಿ, ಪೂರ್ತಿ ಸಡಿಲಿಸಿ ಹತ್ತು ಎಣಿಸಿ. ಹತ್ತು ಸಲ. ಸಡಿಲಿಸುವುದಕ್ಕೆ ಹೆಚ್ಚು ಹೊತ್ತು ಕೊಟ್ಟಿರುವುದನ್ನು ಗಮನಿಸಿ. ಹೊಟ್ಟೆ, ತೊಡೆ ಬಿಗಿಯಬಾರದು. ನಿಜವಾಗಿ ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ, ಅದು ಒಳ್ಳೆಯದಲ್ಲ. ಮಿಲನದಲ್ಲಿ ನೋವಿರುವ ಹೆಂಗಸರು ಈ ಹಂತವನ್ನು ಬಿಟ್ಟುಬಿಡಿ.

ಕೊನೆಗೆ ಗೋಡೆಗೆ ಕಾಲು ಎತ್ತಿಟ್ಟು ಐದು ನಿಮಿಷ, ಆಮೇಲೆ ಶವಾಸನ ಐದು ನಿಮಿಷ. ಗ್ಲಾಕೋಮಾ ಇರುವವರು, ಬಿ.ಪಿ. ಹತೋಟಿಗೆ ಬಾರದವರು ಕಾಲೆತ್ತುವ ಭಂಗಿ ಬಿಡಿ. ಗರ್ಭಿಣಿಯರು, ಹೊಸ ಬಾಣಂತಿಯರು, ಆಪರೇಷನ್ ಆದವರು ವೈದ್ಯರನ್ನು ಕೇಳದೆ ಯಾವುದನ್ನೂ ಶುರುಮಾಡಬೇಡಿ.

ವಾರಕ್ಕೆ ನಾಲ್ಕೈದು ದಿನ, ಕನಿಷ್ಠ 12 ವಾರ. ದೆಹಲಿಯ ಅಧ್ಯಯನಗಳೂ ಅಷ್ಟು ಕಾಲ ತೆಗೆದುಕೊಂಡಿದ್ದವು. ಏಳು ದಿನದ ಮಾತನ್ನು ನಂಬಬೇಡಿ.

ನೋಡಿ ಕಲಿಯುವುದಾದರೆ ಊರಿಂದಾಚೆ ಇರುವ ಕನ್ನಡಿಗರಿಗೆ ಜಾಗಗಳಿಗೇನೂ ಕೊರತೆಯಿಲ್ಲ. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋಗಿ ಅಲ್ಲೇ ನೆಲೆಸಿದರು. 1975ರಲ್ಲಿ ಅವರು ಕಟ್ಟಿದ ಸಂಸ್ಥೆ ಇಂದಿಗೂ ಇದೆ. ಕಂಬಳಿ, ದಿಂಬು, ಕುರ್ಚಿ, ಬೆಲ್ಟುಗಳ ನೆರವಿನಿಂದ ಬಾಗದ ದೇಹಕ್ಕೂ ಆಸನ ಕಲಿಸಬಹುದು ಎಂದು ತೋರಿಸಿದವರು ಅವರು. ಮೈಸೂರಿನ ಅರಮನೆಯಲ್ಲಿ ಯೋಗ ಕಲಿಸಿದ, ಅಯ್ಯಂಗಾರರ ಗುರು ಕೃಷ್ಣಮಾಚಾರ್ಯರು ಮುಂದೆ ಚೆನ್ನೈನಲ್ಲಿ ನೆಲೆಯಾದರು. ಮುಂಬೈಯ ಸಾಂತಾಕ್ರೂಜ್‌ನಲ್ಲಿ ಯೋಗೇಂದ್ರರ ದಿ ಯೋಗ ಇನ್‌ಸ್ಟಿಟ್ಯೂಟ್ ಇದೆ, ಲೋಣಾವಳದಲ್ಲಿ 1924ರಲ್ಲಿ ಶುರುವಾದ ಕೈವಲ್ಯಧಾಮವಿದೆ, ದೆಹಲಿಯಲ್ಲಿ ಕೇಂದ್ರ ಸರ್ಕಾರದ ಮೊರಾರ್ಜಿ ದೇಸಾಯಿ ರಾಷ್ಟ್ರೀಯ ಯೋಗ ಸಂಸ್ಥೆಯಿದೆ. ಎಲ್ಲಿಗೆ ಹೋದರೂ 'ಸೊಂಟ ಮತ್ತು ಉಸಿರಿನ ಅಭ್ಯಾಸ ಕಲಿಯಬೇಕು' ಎಂದರೆ ಸಾಕು. ಮನೆಯ ಕಥೆ ಹೇಳಬೇಕಾಗಿಲ್ಲ.

ಚಾಪೆ ಬಿಟ್ಟು ಆಸ್ಪತ್ರೆಗೆ ಹೋಗಬೇಕಾದಾಗ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ.

ನಿಮಿರುವಿಕೆಯ ತೊಂದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಪೂರ. ಕೊಬ್ಬು ಕಟ್ಟಲು ಶುರುವಾದರೆ ಮೊದಲು ತಿಳಿಯುವುದು ಸಪೂರ ನಾಳದಲ್ಲಿ. ಹೃದಯದ ತೊಂದರೆ ಕಾಣುವ ಕೆಲವು ವರ್ಷ ಮೊದಲೇ ಇದು ಎಚ್ಚರಿಕೆಯ ಗಂಟೆಯಾಗಿ ಬರುವುದುಂಟು. ಆ ಗಂಟೆಯನ್ನು ಕೇಳಿಯೂ ನಾಚಿಕೆಯಿಂದ ಗೋಡೆಯ ಜಾಹೀರಾತಿನ ನಂಬರಿಗೆ ಫೋನು ಮಾಡಿದರೆ ಕಳೆದುಹೋಗುವುದು ಹಣ ಮಾತ್ರವಲ್ಲ, ಹೃದಯವನ್ನು ಉಳಿಸಿಕೊಳ್ಳುವ ಸಮಯವೂ ಹೌದು. ಯೋಗ ಮಾಡುತ್ತಿದ್ದೇನೆಂದು ಪರೀಕ್ಷೆಯನ್ನು ಮುಂದೂಡಿದರೂ ನಷ್ಟ ಅದೇ.

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ 'ಆ ಮಾತ್ರೆ' ತಂದು ನುಂಗಬೇಡಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಸೇವಿಸಿದರೆ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣವೇ ಹೋಗಬಹುದು.

ಕೆಲವು ಬಿ.ಪಿ. ಮಾತ್ರೆಗಳು, ಖಿನ್ನತೆಯ ಮಾತ್ರೆಗಳು ಆಸೆಯನ್ನು ಕುಗ್ಗಿಸುತ್ತವೆ. ಹಾಗನ್ನಿಸಿದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ, ಬದಲಾಯಿಸುವ ದಾರಿ ಇರಬಹುದು.

ಹೆಂಗಸರಿಗೆ ಮಿಲನದಲ್ಲಿ ಪದೇಪದೇ ನೋವು, ಮಿಲನದ ನಂತರ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಸ್ತ್ರೀರೋಗ ತಜ್ಞರನ್ನು ತಡಮಾಡದೆ ಕಾಣಬೇಕು. ಮುಟ್ಟು ನಿಲ್ಲುವ ವಯಸ್ಸಿನ ಒಣತನಕ್ಕೆ ಆಸನವೇ ಮದ್ದಲ್ಲ. ಅದಕ್ಕೆ ಸುಲಭವಾದ, ಸುರಕ್ಷಿತ ಔಷಧಗಳಿವೆ.

ನಾಲ್ಕನೆಯ ಅಡ್ಡಿ

ಮೊದಲಲ್ಲಿ ಹೇಳಿದ ನಾಲ್ಕನೆಯ ಅಡ್ಡಿ ಮಾತಿಲ್ಲದಿರುವುದು. ಹತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರೂ "ನನಗೆ ಇದು ನೋಯುತ್ತದೆ", "ನನಗೆ ಇವತ್ತು ಬೇಡ", "ನನಗೆ ಹೆದರಿಕೆಯಾಗುತ್ತಿದೆ" ಎಂಬ ಮೂರು ವಾಕ್ಯ ಆಡಿರುವುದಿಲ್ಲ. ಎಷ್ಟು ಸೇತುಬಂಧ ಮಾಡಿದರೂ ಈ ಸೇತುವೆ ತಾನಾಗಿ ಕಟ್ಟಿಕೊಳ್ಳುವುದಿಲ್ಲ.

ಇನ್ನೂ ಒಂದು ಮಾತು, ವಿಶೇಷವಾಗಿ ಓದುವ ಗಂಡಂದಿರಿಗೆ. "ನೀನು ಯೋಗ ಮಾಡು, ಸರಿ ಹೋಗ್ತೀಯ" ಅಂತ ಹೆಂಡತಿಯ ಕೈಗೆ ಚಾಪೆ ಕೊಡುವುದು ಪರಿಹಾರವಲ್ಲ. ಅವಳ ದಣಿವಿಗೆ ಕಾರಣ ಅಡುಗೆಮನೆಯಲ್ಲಿದ್ದರೆ ಮದ್ದೂ ಅಲ್ಲೇ ಇದೆ. ರಾತ್ರಿಯ ಪಾತ್ರೆ ನೀವು ತೊಳೆಯಿರಿ, ಮಕ್ಕಳನ್ನು ನೀವು ಮಲಗಿಸಿರಿ, ಆ ಅರ್ಧ ಗಂಟೆ ಅವಳ ಕೈಗೆ ಸಿಗಲಿ. ಯೋಗ ಮಾಡಿದ ಹೆಣ್ಣು ಇಲ್ಲ ಎಂದರೂ ಆ 'ಇಲ್ಲ' ಇಲ್ಲವೇ. ಅಭ್ಯಾಸ ಒಪ್ಪಿಗೆಯ ಬದಲಿಗೆ ಬರುವ ವಸ್ತುವಲ್ಲ.

ಇಬ್ಬರೂ ಒಟ್ಟಿಗೆ ಮಾಡುವುದಾದರೆ ಇನ್ನೂ ಒಳ್ಳೆಯದು. ಜೋಡಿ ಯೋಗ ಅಂತ ಇನ್‌ಸ್ಟಾಗ್ರಾಂನಲ್ಲಿ ಕಾಣುವ ಸರ್ಕಸ್ ಬೇಡ. ಬೆನ್ನಿಗೆ ಬೆನ್ನು ಆನಿಸಿ ಕೂತು ಐದು ನಿಮಿಷ ಉಸಿರಾಡಿ. ಮೊಬೈಲು ಪಕ್ಕದ ಕೋಣೆಯಲ್ಲಿರಲಿ. ಒಬ್ಬರ ಉಸಿರು ಇನ್ನೊಬ್ಬರ ಬೆನ್ನಿಗೆ ತಿಳಿಯುತ್ತದೆ. ಆಮೇಲೆ ಏನೂ ಆಗಬೇಕೆಂದಿಲ್ಲ, ಬೇಕಿದ್ದರೆ ಮಾತಾಡಿ, ಇಲ್ಲವಾದರೆ ಮಲಗಿ. ಒಂದು ತಿಂಗಳು ಹೀಗೆ ಮಾಡಿ ನೋಡಿ. ಆ ಮೂರು ವಾಕ್ಯಗಳಲ್ಲಿ ಒಂದಾದರೂ ಬಾಯಿಗೆ ಬಂದರೆ ಅಷ್ಟರಮಟ್ಟಿಗೆ ಕೆಲಸ ಶುರುವಾಯಿತು ಎಂದುಕೊಳ್ಳಿ.